ಕಡಲು ಅರ್ಧ ಗಂಟೆ ದೂರದಲ್ಲಿರುವಾಗ ಟ್ಯಾಂಕಿನ ಮೀನು ಯಾರಿಗೆ?

ಭಾವನ ಟ್ಯಾಂಕಿನ ಮೊದಲ ಮೀನು ನಮ್ಮ ಮನೆಗೆ ಬಂದ ದಿನ ಅಮ್ಮ ಅದನ್ನು ಆಚೆ ಈಚೆ ತಿರುಗಿಸಿ ನೋಡಿದರು. ಕಿವಿರು ಎತ್ತಿ ನೋಡಿದರು. ಆಮೇಲೆ ಕೇಳಿದ್ದು ಒಂದೇ ಮಾತು. "ಇದು ಕಡಲಿದ್ದಾ, ಕೆರೆದ್ದಾ?"

"ಟ್ಯಾಂಕಿದ್ದು" ಅಂದೆ.

"ಹಾಗಾದರೆ ಕೆರೆದ್ದೇ" ಅಂತ ಹೇಳಿ ಒಳಗೆ ಹೋದರು. ಪದಾರ್ಥ ಮಾಡಿದರು, ಎಲ್ಲರಿಗೂ ಬಡಿಸಿದರು. ತಾವು ಮಾತ್ರ ಹಿಂದಿನ ದಿನದ ಬಂಗುಡೆ ಬಿಸಿ ಮಾಡಿಕೊಂಡು ಉಂಡರು.

ಈಗ ಇದನ್ನು ಬರೆಯಲು ಕಾರಣ ಇದೆ. ಗಲ್ಫಿನಿಂದ ವಾಪಸು ಬಂದ ನನ್ನ ಶಾಲೆಯ ಗೆಳೆಯನೊಬ್ಬ ಕಾಸರಗೋಡಿನ ಬದಿಯಡ್ಕದ ಹತ್ತಿರ ಆರ್‌ಎಎಸ್ ಘಟಕ ಹಾಕಲು ಹೊರಟಿದ್ದಾನೆ. ನೀರನ್ನೇ ಸೋಸಿ ಸೋಸಿ ಮತ್ತೆ ಬಳಸಿ ಟ್ಯಾಂಕಿನಲ್ಲಿ ಮೀನು ಸಾಕುವ ಪದ್ಧತಿ ಅದು. "ನಿನ್ನ ಭಾವ ಮಾಡಿದ್ದಾರಲ್ಲ, ಹೇಗಿದೆ ಮಾರ್ಕೆಟು?" ಅಂತ ಕೇಳಿದ. ಫೋನಿನಲ್ಲಿ ಹೇಳಿ ಮುಗಿಯಲಿಲ್ಲ.

ಮೀನು ಬೆಳೆಯುತ್ತದಾ ಅಂತ ಕೇಳಿದರೆ, ಬೆಳೆಯುತ್ತದೆ. ಅದರಲ್ಲಿ ಸಂಶಯ ಬೇಡ. ಮೀನಿನ ಹಿಕ್ಕೆ, ಉಳಿದ ಫೀಡು ಒಂದು ಫಿಲ್ಟರಿನಲ್ಲಿ ನಿಲ್ಲುತ್ತದೆ. ನೀರಿನಲ್ಲಿ ಕರಗಿದ, ಮೀನಿಗೆ ವಿಷವಾದ ಅಮೋನಿಯಾವನ್ನು ಬಯೋಫಿಲ್ಟರಿನ ಬ್ಯಾಕ್ಟೀರಿಯಾ ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ಬ್ಲೋವರ್ ಗಾಳಿ ಕೊಡುತ್ತದೆ. ನಮ್ಮ ಮುರಕಲ್ಲು ನೆಲದ ನೀರು ಸ್ವಲ್ಪ ಹುಳಿ. ಬ್ಯಾಕ್ಟೀರಿಯಾ ಕೆಲಸ ಮಾಡಿದಷ್ಟೂ ಹುಳಿ ಜಾಸ್ತಿ ಆಗುತ್ತದೆ. ಹಾಗಾಗಿ ಭಾವ ವಾರ ವಾರ ಅಡುಗೆ ಸೋಡಾ ಹಾಕುತ್ತಿದ್ದರು. ಇದೆಲ್ಲ ಕಲಿಯಬಹುದು, ಅವರು ಕಲಿತರು. ಕಲಿಯಲು ಆಗದೆ ಸೋತದ್ದು ಮಾರಾಟದಲ್ಲಿ.

2020ರಲ್ಲಿ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆ ಬಂತು. ಅದರಲ್ಲಿ ಮಧ್ಯಮ ಘಟಕ ಅಂದರೆ ತಲಾ 30 ಘನ ಮೀಟರಿನ 6 ಟ್ಯಾಂಕು, ಒಂದು ಬೆಳೆಗೆ 10 ಟನ್ ಮೀನು, ಖರ್ಚು 25 ಲಕ್ಷ. ಸಬ್ಸಿಡಿ ಸಾಮಾನ್ಯ ವರ್ಗಕ್ಕೆ 40 ಶೇಕಡಾ, ಮಹಿಳೆಯರಿಗೂ ಪರಿಶಿಷ್ಟರಿಗೂ 60. ಅದೇ ಯೋಜನೆಯಲ್ಲಿ ಐವತ್ತು ಸಾವಿರದ ಹಿತ್ತಿಲ ಘಟಕವೂ ಇದೆ, ಏಳೂವರೆ ಲಕ್ಷದ್ದೂ ಇದೆ. ಆದರೆ ಸಬ್ಸಿಡಿ ಅಂದ ಕೂಡಲೇ ನಮ್ಮ ಕಣ್ಣು ದೊಡ್ಡದರ ಮೇಲೆಯೇ ಬೀಳುತ್ತದೆ, ಅಲ್ವಾ?

ಭಾವನ ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಮಾರುಕಟ್ಟೆಗೆ ಅರ್ಧ ಪುಟ ಇತ್ತು. ಪಂಚಾಯತಿನ ಜನಸಂಖ್ಯೆ ಇಷ್ಟು, ಒಬ್ಬೊಬ್ಬರು ತಿನ್ನುವ ಮೀನು ಇಷ್ಟು, ಗುಣಿಸಿದರೆ ಬೇಡಿಕೆ ಇಷ್ಟು. ಬರೆದವನಿಗೆ ನಮ್ಮ ಪಂಚಾಯತಿನಲ್ಲಿ ಮೀನು ತಿನ್ನದ ಹವ್ಯಕರ ಮನೆಗಳು ಎಷ್ಟಿವೆ ಅಂತ ಗೊತ್ತಿರಲಿಲ್ಲ ಅಂತ ಕಾಣುತ್ತದೆ!

ನಾನು ಹಾಕುವ ಲೆಕ್ಕ ಬೇರೆ. 10 ಟನ್ ಅಂದರೆ ಅರ್ಧ ಕಿಲೋ ತೂಕದ 20,000 ಮೀನು. ಹತ್ತು ವಾರದಲ್ಲಿ ಖಾಲಿ ಆಗಬೇಕಾದರೆ ವಾರಕ್ಕೆ ಒಂದು ಟನ್. ಒಂದು ಮನೆ ವಾರಕ್ಕೆ ಒಂದು ಕಿಲೋ ಕೊಂಡರೂ, ತಪ್ಪದೆ ಕೊಳ್ಳುವ 1,000 ಮನೆ ಬೇಕು. ಭಾವನ ವಾಟ್ಸಾಪ್ ಗುಂಪಿನಲ್ಲಿ ಇದ್ದದ್ದು 63 ಜನ. ಅದರಲ್ಲಿ ನಾವು ನೆಂಟರೇ ಹದಿನೈದು.

ಹತ್ತು ವಾರ ಬೇಡ, ನಿಧಾನ ಮಾರುವ ಅಂದರೆ ಮೀನು ಕಾಯುವುದಿಲ್ಲ. ಅದು ತಿನ್ನುತ್ತಾ ಇರುತ್ತದೆ. ಒಂದು ಕಿಲೋ ಮೀನಿಗೆ ಒಂದೂವರೆ ಕಿಲೋ ಫೀಡ್ ಅಂತ ಇಟ್ಟುಕೊಳ್ಳಿ. ಫೀಡಿಗೆ 60 ರೂಪಾಯಿ ಅಂದರೂ ಕಿಲೋ ಮೀನಿಗೆ 90 ರೂಪಾಯಿ ಅಲ್ಲೇ ಹೋಯಿತು. ಪಂಪು, ಬ್ಲೋವರ್ ಸೇರಿ ಎರಡು ಕಿಲೋವ್ಯಾಟ್ ಓಡಿದರೆ ದಿನಕ್ಕೆ 48 ಯೂನಿಟ್, ತಿಂಗಳಿಗೆ 1,440. ಅದು ಹಗಲು ರಾತ್ರಿ ನಿಲ್ಲುವ ಹಾಗಿಲ್ಲ. ಮಾರುವ ಗಾತ್ರಕ್ಕೆ ಬಂದ ಮೀನನ್ನು ಒಂದು ತಿಂಗಳು ಹೆಚ್ಚು ಇಟ್ಟರೆ ಲಾಭ ಟ್ಯಾಂಕಿನಲ್ಲೇ ಕರಗಿತು.

ಇದು ವ್ಯಾಪಾರಿಗಳಿಗೆ ನಮಗಿಂತ ಚೆನ್ನಾಗಿ ಗೊತ್ತು. ಲಾರಿ ತಂದು ನಿಲ್ಲಿಸಿ ಅವರು ಹೇಳಿದ ರೇಟು ಕೇಳಿ ಭಾವ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ವ್ಯಾಪಾರಿಯನ್ನು ಬೈದು ಪ್ರಯೋಜನ ಇಲ್ಲ. ಆಂಧ್ರದ ಹೊಂಡಗಳ ಕಾಟ್ಲಾ, ರೋಹು ಐಸು ತುಂಬಿದ ಪೆಟ್ಟಿಗೆಯಲ್ಲಿ ಇಲ್ಲಿಯವರೆಗೆ ಬರುತ್ತದೆ. ಅಲ್ಲಿ ಬಿಸಿಲು, ಪಾಚಿ, ಹೊಂಡದ ಮಣ್ಣು ಅರ್ಧ ಕೆಲಸ ಸುಮ್ನೆ ಮಾಡಿಕೊಡುತ್ತವೆ. ನಾವು ಅದೇ ಕೆಲಸವನ್ನು ಕರೆಂಟಿನಿಂದ ಮಾಡಿಸುತ್ತೇವೆ. ರೇಟಿನಲ್ಲಿ ಅವರ ಜೊತೆ ಹೇಗೆ ಗುದ್ದಾಡುವುದು?

ಹಾಗಾದರೆ ಕಾಳಾಂಜಿ (ಸೀಬಾಸ್) ಹಾಕು, ಅದಕ್ಕೆ ರೇಟು ಇದೆ ಅನ್ನುತ್ತಾರೆ. ರೇಟು ಇದೆ, ನಿಜ. ಆದರೆ ಅದು ಒಂದನ್ನೊಂದು ತಿನ್ನುವ ಜಾತಿ. ಗಾತ್ರ ನೋಡಿ ಬೇರೆ ಬೇರೆ ಮಾಡುತ್ತಲೇ ಇರಬೇಕು. ಮೇಲಾಗಿ ಅಳಿವೆಯಲ್ಲಿ ಪಂಜರ ಹಾಕಿ ಅದನ್ನೇ ಬೆಳೆಸುವವರಿಗೆ ನೀರು ತಿರುಗಿಸುವ ಕರೆಂಟು ಬಿಲ್ ಇಲ್ಲ.

ಇನ್ನೊಂದು ವಾದ, ಕಡಲಿನಲ್ಲಿ ಮೀನೇ ಇಲ್ಲವಲ್ಲ ಅಂತ. ಕೇರಳದಲ್ಲಿ 2012ರಲ್ಲಿ 3.9 ಲಕ್ಷ ಟನ್ ಸಿಕ್ಕಿದ್ದ ಭೂತಾಯಿ (ಸಾರ್ಡಿನ್ ಮೀನು) 2021ರಲ್ಲಿ 3,297 ಟನ್ನಿಗೆ ಇಳಿದಿತ್ತು. ಆದರೆ ಆಮೇಲೆ ಪುನಃ ಲಕ್ಷ ಟನ್ ದಾಟಿತು. ಭೂತಾಯಿ ರಾಶಿ ಬಿದ್ದ ವಾರ ಟ್ಯಾಂಕಿನ ಮೀನಿನ ಹತ್ತಿರ ಒಬ್ಬನೂ ಸುಳಿಯುವುದಿಲ್ಲ. ಬಡವರ ಮೀನು ಅಂತಾರೆ ಭೂತಾಯಿಗೆ. ಇಲ್ಲಿ ಎಲ್ಲ ಮೀನಿನ ರೇಟನ್ನೂ ಆಡಿಸುವುದು ಅದೇ.

ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯದ ಟ್ರಾಲಿಂಗ್ ನಿಷೇಧದ ಸಮಯಕ್ಕೆ ಮೀನು ಬರುವ ಹಾಗೆ ಮರಿ ಬಿಡುವುದು ಜಾಣತನ, ಅದನ್ನು ನಾನೂ ಒಪ್ಪುತ್ತೇನೆ. ಆದರೆ ಕ್ಯಾಲೆಂಡರ್ ಇಟ್ಟುಕೊಂಡು ನೋಡಿ. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31, ಕೇರಳದಲ್ಲಿ ಜೂನ್ 9ರ ನಡುರಾತ್ರಿಯಿಂದ 52 ದಿನ. ಎರಡು ತಿಂಗಳ ರಾಜಯೋಗ ಅಂತ ಕಾಣುತ್ತದೆ. ಆದರೆ ಪೂರ್ವ ಕರಾವಳಿಯ ನಿಷೇಧ ಏಪ್ರಿಲ್ 15ಕ್ಕೆ ಶುರುವಾಗಿ ಜೂನ್ 14ಕ್ಕೆ ಮುಗಿಯುತ್ತದೆ. ಆಮೇಲೆ ತಮಿಳುನಾಡು, ಆಂಧ್ರದ ಕಡಲ ಮೀನು ಲಾರಿ ಏರುತ್ತದೆ. ಹಾಗಾಗಿ ಎರಡು ರಾಜ್ಯಗಳ ಗಡಿಯಾದ ತಲಪಾಡಿಯ ಆಚೆ ಈಚೆ ಇರುವ ನಮಗೆ ನಿಜವಾದ ಬರಗಾಲ ಹೆಚ್ಚೆಂದರೆ ಜೂನ್ ತಿಂಗಳ ಮೊದಲ ಎರಡು ವಾರ ಮಾತ್ರ. ಉಳಿದದ್ದು ಸಾಧಾರಣ ಸೀಸನ್.

ಆ ಎರಡು ವಾರಕ್ಕೆ ಟಿಲಾಪಿಯಾ (ಇಲ್ಲಿಯವರ ಜಿಲೇಬಿ ಮೀನು) ಅರ್ಧ ಕಿಲೋ ಆಗಬೇಕಾದರೆ ಮರಿ ಡಿಸೆಂಬರಿನಲ್ಲಿ ಬೀಳಬೇಕು. ಅಂದರೆ ಮೀನು ಅತಿ ದೊಡ್ಡದಾಗಿ, ಅತಿ ಜಾಸ್ತಿ ನೀರು ಕೇಳುವುದು ಏಪ್ರಿಲ್, ಮೇಯಲ್ಲಿ. 180 ಘನ ಮೀಟರಿಗೆ ದಿನಕ್ಕೆ ಹತ್ತು ಶೇಕಡಾ ಬದಲಿಸಿದರೆ 18,000 ಲೀಟರ್. ಆಗ ನಮ್ಮ ಬಾವಿಗಳ ಕತೆ ಏನು ಅಂತ ನಾನು ಹೇಳಬೇಕಾ? ನೀರಿಗಾಗಿ ಗುಡ್ಡ ಕೊರೆದ ಸುರಂಗದಲ್ಲಿ ನೂಲಿನ ಹಾಗೆ ನೀರು ಬರುವ ತಿಂಗಳು ಅದು. ಅಡಿಕೆ ತೋಟಕ್ಕಾ, ಟ್ಯಾಂಕಿಗಾ ಅಂತ ಭಾವನ ಮನೆಯಲ್ಲಿ ಜಗಳ ಆದದ್ದು ನನಗೆ ಗೊತ್ತು. ಅಕ್ಕ ಅಡಿಕೆಯ ಪಕ್ಷ.

ಕೊನೆಗೆ ಮಳೆ ಬಂತು. ಜೂನ್ ಮೊದಲ ವಾರದ ಗಾಳಿಮಳೆ ಗೊತ್ತಲ್ಲ, ಒಂದು ಹಲಸಿನ ಮರ ಲೈನಿನ ಮೇಲೆ ಬಿತ್ತು. ಜನರೇಟರ್ ಇತ್ತು. ಅದರ ಬ್ಯಾಟರಿ ಸತ್ತಿತ್ತು. ಅಷ್ಟು ಮೀನು ತುಂಬಿದ ಟ್ಯಾಂಕಿನಲ್ಲಿ ಗಾಳಿ ನಿಂತರೆ ಅರ್ಧ ಗಂಟೆಯೂ ಸಮಯ ಇಲ್ಲ. ಬೆಳಿಗ್ಗೆ ಎರಡು ಟ್ಯಾಂಕಿನ ಮೀನು ಹೊಟ್ಟೆ ಮೇಲೆ ಮಾಡಿ ತೇಲುತ್ತಿತ್ತು. ತೆಂಗಿನ ಬುಡಕ್ಕೆ ಹಾಕಿದೆವು. ದೊಡ್ಡವರಿಗೂ ತಪ್ಪಿದ್ದಲ್ಲ ಇದು. ಫ್ಲೋರಿಡಾದಲ್ಲಿ ನೆಲದ ಮೇಲೆ ಸಾಲ್ಮನ್ ಬೆಳೆಸುವ ಅಟ್ಲಾಂಟಿಕ್ ಸಫೈರ್ ಕಂಪನಿ 2021ರ ಮಾರ್ಚಿನಲ್ಲಿ ಸುಮಾರು 500 ಟನ್ ಮೀನು ಕಳೆದುಕೊಂಡಿತ್ತು. ಆದರೆ ಅವರಿಗೆ ಒಂದು ನ್ಯಾಯ ಇದೆ. ಅಲ್ಲಿಗೆ ಸಾಲ್ಮನ್ ನಾರ್ವೆಯಿಂದ, ಚಿಲಿಯಿಂದ ವಿಮಾನದಲ್ಲಿ ಬರಬೇಕು. ನಮ್ಮಲ್ಲಿಗೆ ಮೀನು ಬರುವುದು ಮಂಜೇಶ್ವರದಿಂದ, ಬೈಕಿನಲ್ಲಿ, ಹಾರ್ನ್ ಹೊಡೆದುಕೊಂಡು.

ಹಾಗಂತ ಮಾರ್ಕೆಟ್ಟೇ ಇಲ್ಲ ಅಂತ ನಾನು ಹೇಳುವುದಿಲ್ಲ. ಇದೆ, ಚಿಕ್ಕದು. ಭಾವ ಎರಡನೇ ವರ್ಷ ಅದನ್ನು ಹಿಡಿದರು.

ಮೊದಲು ವಾಸನೆಯ ವಿಷಯ. "ಮಣ್ಣು ಮಣ್ಣು" ಅಂತ ಜನ ಮೂಗು ಮುರಿಯುವುದು ಬರೀ ಪೂರ್ವಗ್ರಹ ಅಂತ ತಿಳಿದಿದ್ದೆ. ಅಲ್ಲ. ಜಿಯೋಸ್ಮಿನ್ ಅಂತ ಒಂದು ವಸ್ತು. ಮೊದಲ ಮಳೆಗೆ ನೆಲದಿಂದ ಏಳುವ ಪರಿಮಳ ಇದೆಯಲ್ಲ, ಅದೇ. ನೀರು ತಿರುಗುತ್ತಾ ಇರುವ ಟ್ಯಾಂಕಿನಲ್ಲಿ ಬ್ಯಾಕ್ಟೀರಿಯಾ ಅದನ್ನು ಮಾಡುತ್ತವೆ, ಮೀನಿನ ಕೊಬ್ಬಿನಲ್ಲಿ ಕೂರುತ್ತದೆ. ಅಂಗಳದಲ್ಲಿ ಪರಿಮಳ, ಪದಾರ್ಥದಲ್ಲಿ ನಾತ. ಮಾರುವ ಮೊದಲು ಒಂದು ವಾರ ಫೀಡ್ ನಿಲ್ಲಿಸಿ, ಬೇರೆ ಟ್ಯಾಂಕಿನ ಹೊಸ ನೀರಿನಲ್ಲಿ ಮೀನು ಬಿಟ್ಟರೆ ಹೋಗುತ್ತದೆ. ಮೊದಲ ವರ್ಷ ಭಾವನಿಗೆ ಇದನ್ನು ಯಾರೂ ಹೇಳಿರಲಿಲ್ಲ. ಅಮ್ಮನ ಮೂಗು ಸರಿಯೇ ಇತ್ತು.

ಎರಡನೆಯದು ಜೀವಂತ ಮಾರಾಟ. 2018ರಲ್ಲಿ ಆಪರೇಷನ್ ಸಾಗರ ರಾಣಿ ಅಂತ ತಪಾಸಣೆ ನಡೆದು ಕೇರಳ-ತಮಿಳುನಾಡು ಗಡಿಯ ವಾಳಯಾರ್ ಚೆಕ್‌ಪೋಸ್ಟಿನಲ್ಲಿ ಕೆಡದ ಹಾಗೆ ಫಾರ್ಮಾಲಿನ್ ಹಾಕಿದ ಸಿಗಡಿ ಸಿಕ್ಕಿತಲ್ಲ, ಅಂದಿನಿಂದ ಜನರ ಮನಸ್ಸಿನಲ್ಲಿ ಒಂದು ಹೆದರಿಕೆ ಉಳಿದಿದೆ. ಮಕ್ಕಳಿರುವ ಮನೆಯವರು ಭಾನುವಾರ ಬರುತ್ತಾರೆ. ಈಜುವ ಮೀನನ್ನು ತೋರಿಸುತ್ತಾರೆ, "ಅದು, ಅದು" ಅಂತ. ಅಲ್ಲೇ ಕತ್ತರಿಸಿ ಕೊಡಬೇಕು. ಅವರು ರೇಟು ಕೇಳುವುದು ಕಡಿಮೆ. ಜಿಲೇಬಿ ಮೀನು ಅಂತ ಹೆಸರು ಕೇಳಿದರೆ ಬೇಡ ಅನ್ನುವವರೂ ಕಣ್ಣೆದುರು ಈಜುವುದನ್ನು ನೋಡಿ ಕೊಂಡುಹೋಗಿದ್ದಾರೆ. ಇಂಥ ಮನೆಗಳು ಭಾವನಿಗೆ ಈಗ ಎಪ್ಪತ್ತು, ಎಂಬತ್ತು ಇವೆ. ಅದಕ್ಕೆ ಒಂದೂವರೆ ಟ್ಯಾಂಕು ಸಾಕು.

ಉಳಿದ ಟ್ಯಾಂಕು? ಎರಡರಲ್ಲಿ ಈಗ ಮರಿ ಬೆಳೆಸುತ್ತಾರೆ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದೇ. ನಾರ್ವೆಯವರೂ ಸಾಲ್ಮನ್ ಮರಿಯನ್ನು ಇಂಥ ಟ್ಯಾಂಕಿನಲ್ಲಿ ದೊಡ್ಡದು ಮಾಡಿ ಆಮೇಲೆ ಕಡಲಿಗೆ ಬಿಡುತ್ತಾರೆ. ನಮ್ಮಲ್ಲಿ ಕೆಂಪುಕಲ್ಲು ತೆಗೆದು ಬಿಟ್ಟ ಕೋರೆಗಳಿಗೆ ಬರ ಇಲ್ಲ. ಅದರಲ್ಲಿ ಮೀನು ಬಿಡುವವರು ಚಿಕ್ಕ ಮರಿ ತಂದರೆ ಅರ್ಧವನ್ನು ಕೊಕ್ಕರೆ, ಮಿಂಚುಳ್ಳಿ ತಿನ್ನುತ್ತವೆ. ಬೆರಳಿಗಿಂತ ಉದ್ದದ ಮರಿಯಾದರೆ ಬದುಕುತ್ತದೆ. ತೂಕದ ಲೆಕ್ಕ ಇಲ್ಲ, ತಲೆಗೆ ಇಷ್ಟು ಅಂತ ರೇಟು. ಫೀಡೂ ಕಡಿಮೆ. ಬಾವಿ ಬತ್ತುವಾಗ ಟ್ಯಾಂಕಿನಲ್ಲಿರುವುದು ಟನ್‌ಗಟ್ಟಲೆ ಮೀನಲ್ಲ, ಚಿಕ್ಕ ಮರಿ. ಉಳಿದ ಟ್ಯಾಂಕುಗಳಲ್ಲಿ ಅಕ್ಕ ಅಡಿಕೆಗೆ ನೀರು ತುಂಬಿಸಿ ಇಟ್ಟಿದ್ದಾರೆ.

ಗೆಳೆಯನಿಗೆ ಹೇಳಿದ್ದು ಇಷ್ಟು. ಮರಿ ಬಿಡುವ ಮೊದಲು ಆರು ತಿಂಗಳು ಬೇರೆ ಯಾರದ್ದಾದರೂ ಟ್ಯಾಂಕಿನಿಂದ ಮೀನು ತಂದು ನಿನ್ನ ಮನೆ ಎದುರು ಮಾರಿ ನೋಡು. ಎಷ್ಟು ಮನೆಯವರು ಎರಡನೇ ಸಲ ಬರುತ್ತಾರೆ ಅಂತ ಪುಸ್ತಕದಲ್ಲಿ ಬರೆದಿಡು. ಅಷ್ಟೇ ಟ್ಯಾಂಕು ಕಟ್ಟಿಸು. ಅವನಿಗೆ ಹಿಡಿಸಲಿಲ್ಲ. "25 ಲಕ್ಷದ್ದಕ್ಕೆ ಅರ್ಜಿ ಹಾಕಿ ಆಯಿತು ಮಾರಾಯ" ಅಂದ.

ಮತ್ತೆ, ಕೋರೆ ಇರುವವರಿಗೆ ಕಾಟ್ಲಾ, ರೋಹು ಮರಿ ಬೇಕಾದರೆ ಇನ್‌ಬಾಕ್ಸಿಗೆ ಬನ್ನಿ, ಭಾವನ ನಂಬರ್ ಕೊಡುತ್ತೇನೆ. ಮೇ ಒಳಗೆ ಹೇಳಬೇಕು. ಕೋರೆ ತುಂಬಿದ ಮೇಲೆ ಕೇಳಿದರೆ ಸಿಗುವುದಿಲ್ಲ.