ದತ್ತಿ ಉಳಿಯಿತು, ದರ್ಬಾರು ಹೋಯಿತು

ನಾನಿರುವ ಜರ್ಮನಿಯ ವ್ಯೂರ್ಟ್ಸ್‌ಬುರ್ಗ್‌ನಲ್ಲಿ ಯೂಲಿಯುಸ್ ಎಕ್ಟರ್ ಎಂಬ ಹಳೆಯ ಕ್ಯಾಥೊಲಿಕ್ ಬಿಷಪ್ಪನ ಹೆಸರು ಎಲ್ಲೆಲ್ಲೂ ಕಾಣುತ್ತದೆ. ದೊಡ್ಡ ಆಸ್ಪತ್ರೆಗೂ ಅದೇ ಹೆಸರು, ವಿಶ್ವವಿದ್ಯಾಲಯಕ್ಕೂ ಅದೇ.

ಈತ ಹುಟ್ಟಿದ್ದು 1545ರಲ್ಲಿ, ಮೆಸ್ಪೆಲ್‌ಬ್ರುನ್ ಕೋಟೆಯ ದೊಡ್ಡ ಮನೆತನದಲ್ಲಿ. ಇಂಥ ಮನೆತನದವರೇ ಸೇರಿದ್ದ ಚರ್ಚಿನ ಮಂಡಳಿ 1573ರಲ್ಲಿ ಈತನನ್ನು ಬಿಷಪ್ ಆಗಿ ಆರಿಸಿತು. ಆಗ ವಯಸ್ಸು 28. ಪಾದ್ರಿ ದೀಕ್ಷೆ ಸಿಕ್ಕಿದ್ದು 1575ರಲ್ಲಿ! ನಮ್ಮಲ್ಲಿ ದೀಕ್ಷೆಯಾದ ಮೇಲೆ ತಾನೇ ಪೀಠ?

ಬಿಷಪ್ ಅಂದರೆ ಆಗ ಇಲ್ಲಿ ಅರಸನೂ ಹೌದು. ತೆರಿಗೆ, ನ್ಯಾಯ, ಸೈನ್ಯ, ಪೂಜೆ ಎಲ್ಲವೂ ಒಬ್ಬನ ಕೈಯಲ್ಲಿ. ನಮ್ಮ ಶೃಂಗೇರಿ ಮಠಕ್ಕೂ ಜಹಗೀರು ಇತ್ತು. ಆದರೆ ಅದು ಅರಸರು ಕೊಟ್ಟಿದ್ದು. ಗುರುಗಳು ಬೇರೆ, ಸಿಂಹಾಸನ ಬೇರೆ. ಆ ಅಂತರ ಒಳ್ಳೆಯದು ಅಂತ ಇಲ್ಲಿಗೆ ಬಂದ ಮೇಲೆ ನನಗೆ ಗಟ್ಟಿಯಾಗಿ ಅನಿಸಿದೆ.

1576ರಲ್ಲಿ ಎಕ್ಟರ್ ಬಡವರು, ರೋಗಿಗಳು, ಅನಾಥರಿಗಾಗಿ ಯೂಲಿಯುಸ್‌ಶ್ಪಿಟಾಲ್ ಆಸ್ಪತ್ರೆ ಕಟ್ಟಿಸಲು ಶುರುಮಾಡಿದ. ಖರ್ಚಿಗೆ ಜಮೀನು, ದ್ರಾಕ್ಷಿ ತೋಟ ಬಿಟ್ಟುಕೊಟ್ಟ. ಆ ದತ್ತಿಯನ್ನು ಕಲ್ಲಿನಲ್ಲೂ ಕೆತ್ತಿಸಿದ. ಅದರಲ್ಲಿ ಬಿಷಪ್ ಇದ್ದಾನೆ, ರೋಗಿಗಳೂ ಇದ್ದಾರೆ. ನಮ್ಮ ದಾನಶಾಸನದಲ್ಲಿ ಅರಸನ ಬಿರುದುಗಳು ಸಾಲುಸಾಲಾಗಿ ಬರುತ್ತವೆ. ಸೂರ್ಯ ಚಂದ್ರ, ಹಸು ಕರು ಇರುತ್ತವೆ, ಭೂಮಿಯ ಗಡಿ ಇರುತ್ತದೆ, ದಾನ ಅಪಹರಿಸಿದವನಿಗೆ ಶಾಪವೂ ಇರುತ್ತದೆ. ಯಾರ ಹಸಿವಿಗಾಗಿ ಕೊಟ್ಟರೋ ಅವರ ಮುಖವನ್ನೂ ಕೆತ್ತಿದ ಈ ರೀತಿ ನನಗೆ ಜಾಸ್ತಿ ಹಿಡಿಸಿತು. ಆ ಆಸ್ಪತ್ರೆ ಇವತ್ತಿಗೂ ನಡೀತಿದೆ. ದತ್ತಿಯ ತೋಟದ ವೈನ್ ಇವತ್ತಿಗೂ ಮಾರಾಟವಾಗುತ್ತದೆ.

ಆದರೆ ಆಸ್ಪತ್ರೆ ಎದ್ದಿದ್ದು ಯಹೂದಿಗಳ ಹಳೆಯ ಸ್ಮಶಾನದ ಮೇಲೆ. ಅದನ್ನು ಅವರಿಂದ ಕಿತ್ತುಕೊಂಡವನು ಇದೇ ಬಿಷಪ್. ಪ್ರೊಟೆಸ್ಟೆಂಟರಿಗೆ ಕ್ಯಾಥೊಲಿಕ್ ಆಗಿ, ಇಲ್ಲವೇ ಊರು ಬಿಡಿ ಎಂದ. ಎಷ್ಟೋ ಮನೆಗಳು ಖಾಲಿಯಾದವು. ಅವನ ಕೊನೆಯ ವರ್ಷಗಳಲ್ಲಿ ಗೆರೋಲ್ಟ್ಸ್‌ಹೋಫೆನ್‌ನಲ್ಲಿ ಮಾಟಗಾತಿಯರೆಂದು ಹೇಳಿ ಜನರನ್ನು ಸುಟ್ಟರು. ದೂರು ಕೊಡೋಣವೆಂದರೆ ಎಲ್ಲಿಗೆ ಹೋಗಬೇಕು? ನ್ಯಾಯ ಹೇಳುವವನೂ ಅವನೇ, ದೇವರ ಹೆಸರು ಹೇಳುವವನೂ ಅವನೇ.

ದಾನಿಯನ್ನು ಹೊಗಳುವಾಗ ಇದನ್ನು ಬಿಟ್ಟು ಹೇಳಬಾರದು. ನಮ್ಮ ಊರಿನ ದಾನಿಗಳ ವಿಷಯದಲ್ಲೂ ಅಷ್ಟೇ.

1803ರಲ್ಲಿ ಬಿಷಪ್‌ಗಳ ಆಳ್ವಿಕೆ ರದ್ದಾಯಿತು. ಆಸ್ಪತ್ರೆಗೆ ಏನೂ ಆಗಲಿಲ್ಲ. ರೋಗಿಗಳಿಗೆ ಬೇಕಿದ್ದುದು ತೋಟದ ಆದಾಯ, ಬಿಷಪ್ಪನ ಸೈನ್ಯವಲ್ಲ.