ಮಂಗಳೂರು ಹೊರದೇಶಗಳ ಜತೆ ತಾನೇ ಮಾತಾಡಬೇಕೇ?

ದೇಶ ದೇಶಗಳ ನಡುವಿನ ರಾಜತಾಂತ್ರಿಕ ವ್ಯವಹಾರದಲ್ಲಿ ನಗರಗಳಿಗೂ ಪಾಲು ಇರಬೇಕು ಎಂಬ ವಾದವನ್ನು ನಮ್ಮೂರಿಗೆ ಅನ್ವಯಿಸಿ ನೋಡಿದಾಗಲೆಲ್ಲ ನನ್ನೊಳಗೆ ಎರಡು ಉತ್ತರ ಏಳುತ್ತವೆ. ಎರಡನ್ನೂ ಪೂರ್ತಿ ಮನಸ್ಸಿನಿಂದಲೇ ಬರೆಯುತ್ತಿದ್ದೇನೆ.

ಪರ

ಜೆಪ್ಪುವಿನ ದೊಡ್ಡಮ್ಮನ ಮನೆ ಕೆಡವಿದಾಗ ಒಂದು ಹಂಚನ್ನು ಎತ್ತಿಟ್ಟುಕೊಂಡೆ. ಹಾವಸೆ ಉಜ್ಜಿ ತೆಗೆದರೆ ಉಬ್ಬಕ್ಷರಗಳು ಕಂಡವು: ಬಾಸೆಲ್ ಮಿಶನ್, ಮ್ಯಾಂಗಲೋರ್, 1865. ಇಲ್ಲಿ ಹಂಚಿನ ಕಾರ್ಖಾನೆ ನಡೆಸಿದ ಕ್ರೈಸ್ತ ಮಿಶನರಿ ಸಂಸ್ಥೆ ಅದು. ಸ್ವಿಟ್ಜರ್ಲೆಂಡಿನ ಒಂದು ಊರಿನ ಹೆಸರೂ ನಮ್ಮೂರಿನ ಹೆಸರೂ ಒಂದೇ ಮಣ್ಣಿನಲ್ಲಿ ಬೆಂದು ಕೆಂಪಾಗಿವೆ. ಈ ನಂಟನ್ನು ಕುದುರಿಸಿದ್ದು ಯಾವ ರಾಯಭಾರಿಯೂ ಅಲ್ಲ. ಅದಕ್ಕೂ ಏಳು ನೂರು ವರ್ಷ ಹಿಂದೆ, 12ನೇ ಶತಮಾನದಲ್ಲಿ, ಟ್ಯುನೀಷಿಯಾ ಮೂಲದ ಯೆಹೂದಿ ವ್ಯಾಪಾರಿ ಅಬ್ರಹಾಂ ಬೆನ್ ಯಿಜು ಇಲ್ಲಿ ಹಿತ್ತಾಳೆ ಕೆಲಸದ ಕಾರ್ಖಾನೆ ನಡೆಸುತ್ತಿದ್ದ. ಏಡನ್‌ನಿಂದ ತಾಮ್ರ ಬರುತ್ತಿತ್ತು, ಇಲ್ಲಿಂದ ಕಬ್ಬಿಣ, ಅಡಿಕೆ ಹೋಗುತ್ತಿತ್ತು. ಅವನ ಕಾಗದಪತ್ರಗಳು ಕೈರೋದ ಹಳೇ ಯೆಹೂದಿ ಪ್ರಾರ್ಥನಾ ಮಂದಿರದಲ್ಲಿ ಉಳಿದುಬಂದಿವೆ.

ಈಗಲೂ ನಮ್ಮ ಅನ್ನ ಕಡಲಾಚೆಗೆ ಕಟ್ಟಿಕೊಂಡಿದೆ. ಗೇರುಬೀಜದ ಕಾರ್ಖಾನೆಗಳಿಗೆ ಕಚ್ಚಾ ಬೀಜ ಆಫ್ರಿಕಾದಿಂದ ಬರುತ್ತದೆ. ಇಲ್ಲಿನ ತೈಲ ಶುದ್ಧೀಕರಣ ಕಾರ್ಖಾನೆ ಎಂಆರ್‌ಪಿಎಲ್ ಒಂದು ಕಾಲಕ್ಕೆ ಇರಾನಿನ ಕಚ್ಚಾತೈಲದ ದೊಡ್ಡ ಗಿರಾಕಿ. ಅಮೆರಿಕ ನಿರ್ಬಂಧ ಹೇರಿದ ಮೇಲೆ, 2019ರಲ್ಲಿ ಆ ತೈಲ ನಿಂತೇಹೋಯಿತು. ಊರ ಹೊರಗೆ ನೆಲದಡಿ ಬಂಡೆ ಕೊರೆದು ಮಾಡಿದ, 15 ಲಕ್ಷ ಟನ್ ಹಿಡಿಯುವ ತೈಲ ಸಂಗ್ರಹಾಗಾರವಿದೆ; 2018ರಲ್ಲಿ ಅಬುಧಾಬಿಯ ತೈಲ ಕಂಪನಿ ಅಲ್ಲಿ ತನ್ನ ತೈಲ ತಂದು ತುಂಬಿಸಿತು. ಆ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ನಮ್ಮೂರಿನವರು ಯಾರೂ ಇಲ್ಲ. ಅಪಾಯವಾದರೆ ಮೊದಲು ಓಡಬೇಕಾದವರು ನಾವೇ. ನನಗೆ ಇದು ನ್ಯಾಯವೆಂದು ಅನಿಸುವುದಿಲ್ಲ.

ಬೇರೆ ಊರುಗಳು ಬಾಯಿಬಿಟ್ಟಿವೆ. ಹಿರೋಶಿಮಾದ ಮೇಯರ್ 1982ರಲ್ಲಿ ಅಣ್ವಸ್ತ್ರದ ವಿರುದ್ಧ ಕರೆ ಕೊಟ್ಟರು. ಆ ಕರೆಗೆ ಓಗೊಟ್ಟು ಸೇರಿದ ಬಳಗದಲ್ಲಿ ಇಂದು 8,000ಕ್ಕೂ ಹೆಚ್ಚು ನಗರಗಳಿವೆ. 2017ರಲ್ಲಿ ಟ್ರಂಪ್ ಪ್ಯಾರಿಸ್ ಹವಾಮಾನ ಒಪ್ಪಂದದಿಂದ ಹೊರನಡೆಯುತ್ತೇವೆ ಅಂದಾಗ, ಅಮೆರಿಕದ ನೂರಾರು ಮೇಯರ್‌ಗಳು ‘ನಾವು ಅದಕ್ಕೆ ಬದ್ಧ’ ಅಂದರು. ಉಳ್ಳಾಲದಲ್ಲಿ ಕಡಲ್ಕೊರೆತ ತಡೆಯುವ ಕಾಮಗಾರಿಗೆ ಸಾಲ ಬಂದದ್ದು ಮನಿಲಾದ ಏಷ್ಯನ್ ಅಭಿವೃದ್ಧಿ ಬ್ಯಾಂಕಿನಿಂದ. ಸಮುದ್ರ ತಿನ್ನುವ ಇನ್ನೊಂದು ಊರಿನ ಜತೆ ಕೂತು, ನಿಮ್ಮಲ್ಲಿ ಯಾವ ಕಲ್ಲು ನಿಂತಿತು, ಯಾವುದು ಕೊಚ್ಚಿಹೋಯಿತು ಎಂದು ನಾವೇ ಕೇಳುವಂತಿದ್ದರೆ ಎಷ್ಟು ತೆಂಗಿನ ಮರ ಉಳಿಯುತ್ತಿತ್ತೋ.

ವಿರೋಧ

ನಮ್ಮ ಓಣಿಯವರೊಬ್ಬರು ಸೌದಿಯ ದಮ್ಮಾಮ್‌ನಲ್ಲಿ ತೀರಿಕೊಂಡರು. ಶವ ಬರುವ ಹೊತ್ತಿಗೆ ಅವರ ಅಣ್ಣ ಬಜ್ಪೆ ವಿಮಾನ ನಿಲ್ದಾಣದ ಕಾರ್ಗೊ ಬಾಗಿಲ ಹತ್ತಿರ ಪ್ಲಾಸ್ಟಿಕ್ ಕವರೊಂದನ್ನು ಎದೆಗೆ ಒತ್ತಿಕೊಂಡು ನಿಂತಿದ್ದರು. ಒಳಗೆ ವಾಟ್ಸ್ಯಾಪ್‌ನಲ್ಲಿ ಬಂದ ಕಾಗದಗಳ ಪ್ರಿಂಟ್: ಮರಣ ಪ್ರಮಾಣಪತ್ರ, ರಾಯಭಾರ ಕಚೇರಿಯ ನಿರಾಕ್ಷೇಪಣಾ ಪತ್ರ, ರದ್ದು ಮಾಡಿದ ಪಾಸ್‌ಪೋರ್ಟ್. ಅಲ್ಲಿನ ನಮ್ಮವರ ಸಂಘ ಹಗಲು ರಾತ್ರಿ ಓಡಾಡಿತ್ತು, ಆ ಋಣ ದೊಡ್ಡದು. ಆದರೂ ಕಾಗದ ನಡೆದದ್ದು ಮುದ್ರೆಯ ಬಲದಿಂದ, ಮುದ್ರೆಗೆ ಬಲ ಬಂದದ್ದು ಅದರ ಹಿಂದೆ ಇಡೀ ದೇಶ ನಿಂತಿದ್ದರಿಂದ.

ಕರಾವಳಿಯ ಎಷ್ಟೋ ಮನೆಗಳ ದುಡಿಮೆ ಗಲ್ಫಿನಲ್ಲಿದೆ. 1990ರಲ್ಲಿ ಇರಾಕ್ ಕುವೈತನ್ನು ನುಂಗಿದಾಗ ಏರ್ ಇಂಡಿಯಾ ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ಕರೆತಂದಿತು. 2020ರ ಲಾಕ್‌ಡೌನ್‌ನಲ್ಲಿ ದುಬೈಯಿಂದ ಬಜ್ಪೆಗೆ ವಿಮಾನ ಇಳಿಸಿದ್ದೂ ದಿಲ್ಲಿಯೇ. ಇಂಥ ಹೊತ್ತಿನಲ್ಲಿ ದೇಶಕ್ಕೆ ಒಂದೇ ಬಾಯಿ ಇರಬೇಕು. ಒಂದು ಊರು ಒಂದು ಮಾತಾಡಿ, ಇನ್ನೊಂದು ಊರು ಬೇರೆ ಮಾತಾಡಿದರೆ ಅದರ ಬಿಸಿ ತಟ್ಟುವುದು ಅಲ್ಲಿ ದುಡಿಯುವವನಿಗೆ.

ಹಂಚಿನ ಕತೆಗೂ ಇನ್ನೊಂದು ಮುಖವಿದೆ. ಮೊದಲ ಮಹಾಯುದ್ಧ ಬಂದಾಗ, ಮಿಶನ್‌ನಲ್ಲಿ ಜರ್ಮನರಿದ್ದಾರೆಂದು ಬ್ರಿಟಿಷರು ಅದರ ಕಾರ್ಖಾನೆಗಳನ್ನು ಕಿತ್ತುಕೊಂಡರು. ಎಂಬತ್ತು ವರ್ಷದ ನಂಟು ಅವನ್ನು ಉಳಿಸಲಿಲ್ಲ. ಬೆಂಗಳೂರು ಮತ್ತು ಚೀನಾದ ಚೆಂಗ್ಡು 2013ರಲ್ಲಿ ಸ್ನೇಹದ ಒಪ್ಪಂದ ಮಾಡಿಕೊಂಡು ಸೋದರ ನಗರಗಳಾದವು. 2020ರಲ್ಲಿ ಗಾಲ್ವಾನ್‌ನಲ್ಲಿ ನಮ್ಮ 20 ಯೋಧರು ಬಲಿಯಾದಾಗ ಆ ಕಾಗದ ಯಾವ ಕೆಲಸಕ್ಕೂ ಬರಲಿಲ್ಲ. ಮಂಗಳೂರಿಗೂ 1968ರಿಂದ ಕೆನಡಾದ ಹ್ಯಾಮಿಲ್ಟನ್ ಸೋದರ ನಗರ. ನಾನು ಮನೆಯಲ್ಲಿ, ಆಫೀಸಿನಲ್ಲಿ, ಹಂಪನಕಟ್ಟೆಯ ರಿಕ್ಷಾ ಸ್ಟ್ಯಾಂಡಿನಲ್ಲಿ ಕೇಳಿದೆ. ಒಬ್ಬರಿಗೂ ಗೊತ್ತಿರಲಿಲ್ಲ.

ಸಂವಿಧಾನದಲ್ಲಿ ವಿದೇಶ ವ್ಯವಹಾರ, ಒಪ್ಪಂದಗಳು ಕೇಂದ್ರ ಪಟ್ಟಿಯಲ್ಲಿವೆ. 74ನೇ ತಿದ್ದುಪಡಿ ನಗರಗಳಿಗೆಂದು ಪಟ್ಟಿ ಮಾಡಿದ 18 ವಿಷಯಗಳು ರಸ್ತೆ, ನೀರು, ಕಸ, ಸ್ಮಶಾನ ಇಂಥವು. ಪಾಲಿಕೆಯ ಮೇಯರ್ ಅವಧಿ ಒಂದೇ ವರ್ಷ. ಹೊರದೇಶದವರಿಗೆ ಇಂದು ಮಾತು ಕೊಟ್ಟ ಮೇಯರ್ ಬರುವ ವರ್ಷ ಇರುವುದಿಲ್ಲ. ಆಗ ಊರಿನ ಹೆಸರಲ್ಲಿ ಮಾತಾಡುವವರು ಯಾರು? ಹೊರಗೆ ದುಡ್ಡು ಮಾಡಿ ಬಂದ ನಾಲ್ಕು ಜನ. ಬಂದರಿನಲ್ಲಿ ಬುಟ್ಟಿ ಹೊರುವವಳ ಮಾತು ಅಲ್ಲಿಗೆ ತಲುಪುವುದಿಲ್ಲ. ನನ್ನ ದೊಡ್ಡ ಹೆದರಿಕೆ ಇದೇ.

2019ರ ಆಗಸ್ಟ್ ಮಳೆಗೆ, ಊರ ಕಸ ಸುರಿಯುವ ಪಚ್ಚನಾಡಿಯ ಕಸದ ಗುಡ್ಡ ಜರಿದು ಕೆಳಗಿನ ಮಂದಾರದ ಮನೆ, ಅಡಿಕೆ ತೋಟಗಳ ಮೇಲೆ ಬಂತು. ಕಸ ಆ 18 ವಿಷಯಗಳಲ್ಲಿ ಒಂದು. ಮಂದಾರದವರ ಮನೆಗೆ ಹೋಗಿ, ಅವರ ಮಾತು ಪೂರ್ತಿ ಕೇಳಿ ಬರುವುದಕ್ಕೇ ಒಬ್ಬ ಮೇಯರ್‌ಗೆ ಸಿಗುವ ಒಂದು ವರ್ಷ ಸಾಲದು.