ಮೆಣಸಿನ ಕಣದಲ್ಲಿ ಥ್ರಸ್ಟ್ ಬೇರಿಂಗ್

ಮನೆಯ ಹಿಂದಿನ ಶೆಡ್ಡಿನಲ್ಲಿರುವ ಲೋಹ ಕಡೆಯುವ ನನ್ನ ಪುಟ್ಟ ಲೇತಿನ ಕ್ರಾಸ್ ಸ್ಲೈಡಿಗೆ, ಅಂದರೆ ಉಳಿಯನ್ನು ಅಡ್ಡಲಾಗಿ ಸರಿಸುವ ಭಾಗಕ್ಕೆ, ಹುಟ್ಟಿನಿಂದಲೇ ಒಂದು ಚಾಳಿ ಅಂಟಿಕೊಂಡಿತ್ತು. ಹಿಡಿಕೆಯ ನಟ್ಟನ್ನು ಬಿಗಿಗೊಳಿಸಿದರೆ ಸ್ಲೈಡನ್ನು ಸರಿಸುವ ಸ್ಕ್ರೂವಿನ ಕಾಲರ್ (ಬಳೆಯಂಥ ಉಬ್ಬು) ಅದನ್ನು ಹಿಡಿದಿರುವ ಬ್ರಾಕೆಟ್ಟಿನ ಒರಟು ಮೈಗೆ ಉಜ್ಜಿ ಹಿಡಿಕೆಯೇ ತಿರುಗುತ್ತಿರಲಿಲ್ಲ. ಸಡಿಲಿಸಿದರೆ ಹಿಡಿಕೆ ಸೊಗಸಾಗಿ ತಿರುಗುತ್ತಿತ್ತು, ಸ್ಲೈಡ್ ಮಾತ್ರ ಕದಲುತ್ತಿರಲಿಲ್ಲ. ಇದಕ್ಕೆ ಮದ್ದು ಥ್ರಸ್ಟ್ ಬೇರಿಂಗ್. ಎರಡು ಉಕ್ಕಿನ ವಾಷರುಗಳ ನಡುವೆ ಕೇಜಿನಲ್ಲಿ, ಅಂದರೆ ತೂತುಗಳಿರುವ ತೆಳು ಬಳೆಯಲ್ಲಿ, ಕುಳಿತ ಗುಂಡುಗಳು ಸ್ಕ್ರೂವಿನ ಉದ್ದಕ್ಕೂ ಬರುವ ಒತ್ತಡವನ್ನು ಹೊರುತ್ತವೆ. ತಳ್ಳುವುದಕ್ಕೊಂದು, ಎಳೆಯುವುದಕ್ಕೊಂದು ಎಂದು ಕಾಲರಿನ ಎರಡೂ ಬದಿಗೆ ಒಂದೊಂದನ್ನು ಕೂರಿಸಬೇಕು. ಸ್ಕ್ರೂ ಓಡಾಡುವ, ಸ್ಲೈಡಿನ ಒಳಗಿನ ನಟ್ಟಿನ ಎಳೆ ಸವೆದು ಬಂದ ಸಡಿಲಕ್ಕೆ ಇದು ಔಷಧವಲ್ಲ. ಅದನ್ನು ಬೇರೆಯಾಗಿಯೇ ಸರಿಪಡಿಸಬೇಕು.

ನಾನು ತಂದ 51100 ಸಂಖ್ಯೆಯ ಬೇರಿಂಗಿನ ಒಳವ್ಯಾಸ 10, ಹೊರವ್ಯಾಸ 24, ದಪ್ಪ 9 ಮಿಲಿಮೀಟರ್. ಎರಡಕ್ಕೆ 18 ಮಿಲಿಮೀಟರ್ ಜಾಗ ಬೇಕು. ಲೇತ್ ತಯಾರಿಸಿದವರು ಅಷ್ಟು ಉದಾರಿಗಳಲ್ಲ. ಬ್ರಾಕೆಟ್ಟನ್ನು ಮುಂದಕ್ಕೆ ತರಲು ಕುಳಿ ಕೊರೆದ ಬಿಲ್ಲೆಯೊಂದು ಬೇಕಾಯಿತು. ಕುಳಿ ಕೊರೆಯಲು ಲೇತ್ ಬೇಕು, ಲೇತೋ ಬಿಚ್ಚಿಟ್ಟಿದೆ. ಕೊನೆಗೆ ಗೋಣಿಕೊಪ್ಪದ ವರ್ಕ್‌ಶಾಪಿಗೆ ಹೋದಾಗ, ಕಾಫಿ ಪಲ್ಪರಿನ ಶಾಫ್ಟ್ ತಿರುವುತ್ತಿದ್ದ ಮೇಸ್ತ್ರಿ ನನ್ನ ಅಂಗೈಯಲ್ಲಿದ್ದ ಬ್ರಾಕೆಟ್ಟನ್ನು ನೋಡಿ, “ಮಕ್ಕಳ ಸೈಕಲ್‌ದಾ ಸಾರ್?” ಎಂದು ವಿಚಾರಿಸಿದರು. ಕೆಲಸವನ್ನು ಮಾತ್ರ ಕೂದಲೆಳೆಯಷ್ಟೂ ತಪ್ಪದಂತೆ ಮಾಡಿಕೊಟ್ಟರು.

ಜೋಡಣೆಯ ದಿನ ಸೈನ್ಯದಿಂದ ನಿವೃತ್ತರಾದ ಭಾವ ವಿರಾಜಪೇಟೆಯಿಂದ ಬಂದಿದ್ದರು. ಟ್ಯಾಂಕಿನ ಬೇರಿಂಗುಗಳನ್ನು ಕಂಡ ಕಣ್ಣಿಗೆ ಇದು ಕಿವಿಯೋಲೆಯಂತೆ ತೋರಿತೇನೋ. ಎರಡು ವಾಷರುಗಳಲ್ಲಿ ಒಂದರ ತೂತು ಕೊಂಚ ದೊಡ್ಡದಿರುತ್ತದೆ, ಅದು ಬ್ರಾಕೆಟ್ಟಿನ ಕಡೆ ಸುಮ್ಮನೆ ಕೂರಬೇಕಾದದ್ದು, ಬಿಗಿ ತೂತಿನದು ಸ್ಕ್ರೂವಿನ ಜೊತೆ ತಿರುಗಬೇಕಾದದ್ದು ಎಂದು ನಾನು ವಿವರಿಸುತ್ತಿದ್ದರೆ, “ಎರಡೂ ಒಂದೇ ಅಲ್ಲವಾ ಭಾವ?” ಎನ್ನುತ್ತ ಅವರು ಅಂಗಳದ ಬೆಳಕಿಗೆ ನಡೆದು ಕೇಜನ್ನು ಎರಡು ಬೆರಳಲ್ಲಿ ಒತ್ತಿ ನೋಡಿದರು. ಅಗ್ಗದ ಕೇಜು ಬಾಯಿಬಿಟ್ಟಿತು. ಗ್ರೀಸು ಬಳಿದುಕೊಂಡು ಕಪ್ಪಾಗಿದ್ದ ಗುಂಡುಗಳೆಲ್ಲ, ಹೆಂಡತಿ ಒಣಹಾಕಿದ್ದ ಕರಿಮೆಣಸಿನೊಳಗೆ ಸೇರಿಕೊಂಡವು. ಗಾತ್ರವೂ ಅದೇ, ಬಣ್ಣವೂ ಅದೇ.

ಆಯಸ್ಕಾಂತ ತಂದು ಕಣವನ್ನೆಲ್ಲ ಸವರಿದೆವು. ಸಿಕ್ಕ ಗುಂಡುಗಳಿಗೆ ಕಾಂತತ್ವ ಅಂಟಿ, ಶೆಡ್ಡಿಗೆ ಮರಳುವಷ್ಟರಲ್ಲಿ ಅವು ಬೆಂಚಿನ ಕಬ್ಬಿಣದ ಪುಡಿಯನ್ನು ಎಳೆದುಕೊಂಡು ರೋಮ ಬೆಳೆಸಿಕೊಂಡಿದ್ದವು. ಕೆಲವು ಸಿಗಲೇ ಇಲ್ಲ. ಬೇರೆ ಬೇರಿಂಗ್ ತರಿಸಿದ್ದಾಯಿತು; ಹಿಡಿಕೆ ಈಗ ಒಂದೇ ಬೆರಳಿಗೆ ತಿರುಗುತ್ತದೆ, ಸ್ಲೈಡೂ ಹೇಳಿದಷ್ಟೇ ಸರಿಯುತ್ತದೆ. ಹೆಂಡತಿ ಮಾತ್ರ ಪಂದಿಕರಿಗೆ ಆ ಮೆಣಸನ್ನು ಮುಟ್ಟದೆ, “ರೀ, ನೆಂಟರ ಹಲ್ಲಿಗೆ ಜವಾಬ್ದಾರಿ ಯಾರು?” ಎಂದು ಚೀಲ ಕಟ್ಟಿಸಿದಳು.

ಮೆಣಸಿಗೆ ಬೆಲೆ ಕಟ್ಟುವುದು ಲೀಟರ್ ತೂಕ ನೋಡಿ. ಲೀಟರಿಗೆ 550 ಗ್ರಾಂ ತೂಗಿದರೆ ಒಳ್ಳೆಯ ಮಾಲು. ಆಯಸ್ಕಾಂತದ ಕಥೆಯನ್ನು ನಾನು ಪೂರ್ತಿ ಹೇಳಿದ ಮೇಲೂ ವ್ಯಾಪಾರಿ ಅಳತೆಯ ಪಾತ್ರೆಯನ್ನು ತುಂಬಿ ತಕ್ಕಡಿಗಿಟ್ಟು, “ಈ ಸಲ ಕಾಳು ಗಟ್ಟಿ ಕಟ್ಟಿದೆ ಸಾರ್” ಎಂದರು.